ಒಂದೇ ಲಿನೋ ಹಲಗೆ, ನಾಲ್ಕು ಬಣ್ಣ: ಪಿಕಾಸೊಗೆ ಕೂತಿದ್ದು ನನಗೇಕೆ ಕೂರಲಿಲ್ಲ?

ಅಘನಾಶಿನಿ ಬರೆದಿದ್ದಾರೆ:

ಶಿರಸಿ ಹತ್ತಿರದ ಪ್ರೌಢಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತೇನೆ. ಈ ಸಲ ಜಿಲ್ಲಾಧಿಕಾರಿಗಳು ಮಳೆಗೆ ಮೇಲಿಂದ ಮೇಲೆ ರಜೆ ಕೊಟ್ಟರಲ್ಲ, ಆಗ ಒಂದು ಹುಚ್ಚು ಹತ್ತಿತು. ಲಿನೋ ಎಂದರೆ ಲಿನೋಲಿಯಂ, ನೆಲಕ್ಕೆ ಹಾಸುವ ಮೆತ್ತನೆಯ ಹಾಸು. ಅದರ ತುಂಡನ್ನು ಕೆತ್ತಿ, ಶಾಯಿ ಬಳಿದು ಕಾಗದಕ್ಕೆ ಒತ್ತುತ್ತಾರೆ. ಚಿತ್ರಕಾರ ಪಿಕಾಸೊ 1962ರಲ್ಲಿ ಹೀಗೆ ಮಾಡಿದ ಮುದ್ರಣವೊಂದಿದೆ. ಮೇಲೆ ದೀಪ, ಅದರ ಬೆಳಕಿನಲ್ಲಿ ಒಂದು ಗಾಜಿನ ಲೋಟ, ಪಕ್ಕದಲ್ಲಿ ಸೇಬು. ಹಳದಿ, ಕೆಂಪು, ಹಸಿರು, ಕಪ್ಪು. ನಾಲ್ಕೂ ಬಣ್ಣ ಒಂದೇ ಹಲಗೆಯಿಂದ ಬಂದವು ಎಂದು ಓದಿದಾಗ ಕೈ ಸುಮ್ಮನಿರಲಿಲ್ಲ. ನಾನು ಲಾಟೀನು ಮತ್ತು ಎರಡು ಮಾವಿನಹಣ್ಣು ಕೆತ್ತಲು ಕುಳಿತೆ.

ಗೊತ್ತಿಲ್ಲದವರಿಗಾಗಿ ವಿಧಾನ ಹೇಳಿಬಿಡುತ್ತೇನೆ. ಕಾಗದದ ಬಿಳಿಯೇ ಉಳಿಯಬೇಕಾದ ಜಾಗವನ್ನು ಮೊದಲು ಕೆತ್ತಿ ತೆಗೆದು, ಉಳಿದ ಹಲಗೆಗೆ ಹಳದಿ ಬಳಿದು ಎಲ್ಲ ಹಾಳೆಗಳಿಗೂ ಒತ್ತಬೇಕು. ಆಮೇಲೆ ಹಳದಿಯಾಗಿಯೇ ಉಳಿಯಬೇಕಾದ ಜಾಗವನ್ನು ಅದೇ ಹಲಗೆಯಿಂದ ಕೆತ್ತಿ ತೆಗೆದು, ಕೇಸರಿ ಬಳಿದು, ಅವೇ ಹಾಳೆಗಳ ಮೇಲೆ ಮತ್ತೆ ಒತ್ತಬೇಕು. ಹೀಗೆ ಹಸಿರು, ಕಡೆಗೆ ಕಪ್ಪು. ಬಣ್ಣ ಏರಿದಂತೆ ಹಲಗೆ ಕರಗುತ್ತದೆ. ಎಷ್ಟು ಪ್ರತಿ ಬೇಕೆಂದು ಮೊದಲ ದಿನವೇ ತೀರ್ಮಾನಿಸಬೇಕು. ಆಮೇಲೆ ಇನ್ನೊಂದು ಬೇಕೆಂದರೆ ದೇವರೇ ಬಂದರೂ ಸಿಗುವುದಿಲ್ಲ.

ಇಪ್ಪತ್ತು ಹಾಳೆ ಇಟ್ಟುಕೊಂಡೆ. ಹಳದಿ, ಕೇಸರಿ ಚೆನ್ನಾಗಿ ಕೂತವು. ಹಸಿರಿಗೆ ಬಂದಾಗ ಎಲ್ಲವೂ ಜಾರಿತು. ಎಡ ಅಂಚಿನಲ್ಲಿ ಸರಿಯಾಗಿಯೇ ಇದೆ, ಬಲಕ್ಕೆ ಹೋದಂತೆ ಹೆಚ್ಚುತ್ತ ಹೋಗಿ, ಬಲ ತುದಿಯ ಮಾವಿನಹಣ್ಣಿನ ಪಕ್ಕ ಒಂದು ಅಕ್ಕಿಕಾಳಿನ ಅಗಲ ಕೇಸರಿ ಸಂದು ಬಾಯಿ ಬಿಟ್ಟಿದೆ. ಇಪ್ಪತ್ತರಲ್ಲಿ ಇಪ್ಪತ್ತೂ ಹೀಗೇ. ತಪ್ಪು ಎಲ್ಲಿದೆ?

ಚೌಕಟ್ಟು ಬರೆದಿದ್ದಾರೆ:

ಸರ್, ಬೆಂಗಳೂರಿನಲ್ಲಿ ಮುದ್ರಣ ಕಲೆಯ ವಿದ್ಯಾರ್ಥಿನಿ ನಾನು. ಹಾಳೆ ಪ್ರತಿಸಲ ಒಂದೇ ಜಾಗದಲ್ಲಿ ಕೂರಲು ನೀವು ಏನು ಮಾಡಿದ್ದೀರಿ? ನಾವು ರಟ್ಟಿನ ಮೇಲೆ ಹಲಗೆಯ ಮೂಲೆ ಕೂರುವಂತೆ ಎಲ್ ಆಕಾರದ ಪಟ್ಟಿ ಅಂಟಿಸಿ, ಹಾಳೆಯ ಒಂದು ಅಂಚಿಗೆ ಎರಡು ತೂತು ಹೊಡೆದು ಪಿನ್ನಿಗೆ ಸಿಕ್ಕಿಸುತ್ತೇವೆ.

ಆದರೆ ಒಂದೇ ಹಲಗೆಯ ವಿಧಾನದಲ್ಲಿ ಬಣ್ಣ ಜಾರುವ ತೊಂದರೆಯೇ ಇರಬಾರದಲ್ಲ? ಪಿಕಾಸೊ ಈ ವಿಧಾನ ಕಂಡುಹಿಡಿದದ್ದೇ ಅದಕ್ಕಾಗಿ ಎಂದು ತರಗತಿಯಲ್ಲಿ ಹೇಳಿದ್ದರು. 1958ರಲ್ಲಿ ಹಳೆಯ ಜರ್ಮನ್ ಚಿತ್ರಕಾರ ಕಿರಿಯ ಲುಕಾಸ್ ಕ್ರಾನಾಖ್‌ನ ಒಂದು ಸ್ತ್ರೀಭಾವಚಿತ್ರವನ್ನು ಆಧರಿಸಿ ಪಿಕಾಸೊ ಬಣ್ಣದ ಲಿನೋ ಮಾಡಿದ. ಮೂಲ ಚಿತ್ರ 1564ರದು, ಇರುವುದು ವಿಯೆನ್ನಾದಲ್ಲಿ. ಅವನ ಮುಂದಿದ್ದದ್ದು ಅದರ ಪೋಸ್ಟ್‌ಕಾರ್ಡ್ ಮಾತ್ರ, ಚಿತ್ರವ್ಯಾಪಾರಿ ಕಾನ್‌ವೈಲರ್ ಕಳಿಸಿದ್ದು. ಅದಕ್ಕೆ ಬಣ್ಣಕ್ಕೊಂದರಂತೆ ಬೇರೆ ಬೇರೆ ಹಲಗೆ ಕೆತ್ತಿದ. ಒಂದರ ಮೇಲೊಂದು ಸರಿಯಾಗಿ ಕೂರಿಸುವಷ್ಟರಲ್ಲಿ ಸಾಕುಸಾಕಾಯಿತು. ಮರುವರ್ಷದಿಂದ ಒಂದೇ ಹಲಗೆಗೆ ಇಳಿದ.

ಸಂದೇಹಿ ಬರೆದಿದ್ದಾರೆ:

‘ಕಂಡುಹಿಡಿದ’ ಎಂಬ ಪದವನ್ನು ಸ್ವಲ್ಪ ಹಿಡಿದು ಬಳಸಿ. ಒಂದೇ ಹಲಗೆಯನ್ನು ಹಂತ ಹಂತವಾಗಿ ಕೆತ್ತಿ ಬಣ್ಣ ಒತ್ತುವುದು ಅವನಿಗಿಂತ ಮೊದಲೂ ಇತ್ತು. ಪಿಕಾಸೊ ಮುಟ್ಟಿದ್ದೆಲ್ಲ ಅವನ ಹೆಸರಿಗೇ ಖಾತೆ ಬದಲಾಗುತ್ತದೆ, ಅಷ್ಟೆ.

ಲಿನೋವನ್ನು ಕಲೆಯೆಂದು ಗಂಭೀರವಾಗಿ ತೆಗೆದುಕೊಂಡವರಲ್ಲಿ ಅವನು ಮೊದಲಿಗನೂ ಅಲ್ಲ. ವಿಯೆನ್ನಾದಲ್ಲಿ ಕಲಾಶಿಕ್ಷಕ ಫ್ರಾಂಜ್ ಚಿಜೆಕ್ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಮಕ್ಕಳ ಕೈಗೆ ಇದನ್ನು ಕೊಟ್ಟಿದ್ದ. ಲಂಡನ್ನಿನಲ್ಲಿ ಕಲಾವಿದ ಕ್ಲಾಡ್ ಫ್ಲೈಟ್ ಮತ್ತು ಶಿಷ್ಯರು 1929ರಲ್ಲಿ ಬಣ್ಣದ ಲಿನೋಗಳದ್ದೇ ಪ್ರದರ್ಶನ ಮಾಡಿದರು. ಇಲ್ಲಿ ಶಾಂತಿನಿಕೇತನದ ನಂದಲಾಲ್ ಬೋಸ್ 1930ರಲ್ಲಿ ಕೋಲು ಹಿಡಿದು ನಡೆಯುವ ಗಾಂಧಿಯನ್ನು ಕೆತ್ತಿದರು. ಕಪ್ಪು ನೆಲ, ಬಿಳಿ ಗೆರೆ, ಒಂದೇ ಶಾಯಿ. ರವೀಂದ್ರರ ಬಂಗಾಳಿ ಬಾಲಪಾಠಕ್ಕೂ ಅವರದೇ ಲಿನೋ ಚಿತ್ರಗಳು. ಆ ಗಾಂಧಿಯ ಮುಂದೆ ನಾಲ್ಕು ಬಣ್ಣದ ಸೇಬು ನನಗೇನೂ ದೊಡ್ಡದಾಗಿ ಕಾಣುವುದಿಲ್ಲ.

ಹಳೆಮೊಳೆ ಬರೆದಿದ್ದಾರೆ:

ಮೇಷ್ಟ್ರೇ, ನಾನು ಚಿತ್ರಗಾರನಲ್ಲ. ಗದಗಿನಲ್ಲಿ ನಲವತ್ತು ವರ್ಷ ಅಚ್ಚಿನ ಮೊಳೆ ಜೋಡಿಸಿದವನು, ಟ್ರೆಡಲ್ ಮುದ್ರಣ ಯಂತ್ರ ತುಳಿದವನು. ನಮ್ಮೂರನ್ನು ಮುದ್ರಣ ಕಾಶಿ ಎನ್ನುತ್ತಾರೆ, ಆ ಕಾಶಿಯ ಒಬ್ಬ ಹಳೇ ಪಂಡಿತ ಎಂದುಕೊಳ್ಳಿ.

ಮೊದಲು ವಿದ್ಯಾರ್ಥಿನಿಯವರಿಗೆ ಒಂದು ಮಾತು. ಒಂದೇ ಹಲಗೆಯಾದರೂ ಹಾಳೆ ನಾಲ್ಕು ಸಲ ಎದ್ದು ನಾಲ್ಕು ಸಲ ಕೂರಬೇಕು. ಹಲಗೆಗಳ ನಡುವಿನ ಜಗಳ ಹೋಗುತ್ತದೆ, ಹಲಗೆಗೂ ಹಾಳೆಗೂ ನಡುವಿನ ಜಗಳ ಹಾಗೇ ಇರುತ್ತದೆ.

ಇನ್ನು ಮೇಷ್ಟ್ರಿಗೆ ಎರಡು ಪ್ರಶ್ನೆ. ಒಂದು, ಹಾಳೆಯ ಪಿನ್ನು ಎಡ ಅಂಚಿನಲ್ಲಿತ್ತೇ? ಎರಡು, ಕೇಸರಿ ಒತ್ತಿದ ಮೇಲೆ ಹಾಳೆಗಳನ್ನು ಎಲ್ಲಿ ಒಣಗಿಸಿದಿರಿ?

ಅಘನಾಶಿನಿ ಬರೆದಿದ್ದಾರೆ:

ಹೌದು, ಎಡ ಅಂಚಿನಲ್ಲೇ ಎರಡು ಪಿನ್ನು. ಹಳದಿಯನ್ನು ಜಗಲಿಯಲ್ಲಿ ಹಗ್ಗಕ್ಕೆ ಕ್ಲಿಪ್ಪು ಹಾಕಿ ಒಣಗಿಸಿದೆ. ಐದು ದಿನ ಹಿಡಿಯಿತು. ಕೇಸರಿ ಹೊತ್ತಿಗೆ ಮಳೆ ಜೋರಾಯಿತು, ವಾರವಾದರೂ ಬೆರಳಿಗೆ ಅಂಟುತ್ತಿತ್ತು. ಅದಕ್ಕೇ ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಹರವಿದೆ. ಎರಡು ದಿನದಲ್ಲಿ ಹಪ್ಪಳದ ಹಾಗೆ ಒಣಗಿದವು. ಅಟ್ಟದಿಂದ ಇಳಿಸಿದ ಬೆಳಿಗ್ಗೆಯೇ ಹಸಿರು ಒತ್ತಿದೆ.

ಹಳೆಮೊಳೆ ಬರೆದಿದ್ದಾರೆ:

ಸಿಕ್ಕಿತು ಕಳ್ಳ. ನಿಮ್ಮ ಕೈಯಲ್ಲಿ ತಪ್ಪಿಲ್ಲ, ಅಟ್ಟದಲ್ಲಿದೆ.

ಹಳದಿ, ಕೇಸರಿ ಒತ್ತಿದಾಗ ಹಾಳೆ ಮಳೆಗಾಲದ ತೇವ ಕುಡಿದು ಹಿಗ್ಗಿತ್ತು. ಅಟ್ಟದ ಬಿಸಿಗೆ ಕುಗ್ಗಿತು. ಎಡಗಡೆ ಪಿನ್ನು ಹಿಡಿದುಕೊಂಡಿದ್ದರಿಂದ ಅಲ್ಲಿ ಕದಲಲಿಲ್ಲ, ಕುಗ್ಗಿದ್ದೆಲ್ಲ ಬಲಕ್ಕೆ ಹೋದಂತೆ ಲೆಕ್ಕಕ್ಕೆ ಬಂತು. ಹಲಗೆ ಮಾತ್ರ ಮೊದಲಿನಷ್ಟೇ ಅಗಲವಾಗಿದೆ. ಅದಕ್ಕೇ ಹಸಿರು ಬಲಕ್ಕೆ ದಾಟಿ ಬಿದ್ದಿದೆ. ಕೈತಪ್ಪಾಗಿದ್ದರೆ ಒಂದು ಹಾಳೆ ಮೇಲೆ, ಒಂದು ಹಾಳೆ ಕೆಳಗೆ ಜಾರುತ್ತಿತ್ತು. ಇಪ್ಪತ್ತೂ ಹಾಳೆ ಒಂದೇ ದಿಕ್ಕಿಗೆ, ಒಂದೇ ಅಳತೆಗೆ ಜಾರಿದರೆ ಅದು ಕಾಗದದ ಕೆಲಸ.

ಪ್ರೆಸ್ಸಿನಲ್ಲಿ ಎರಡು ಬಣ್ಣದ ಕ್ಯಾಲೆಂಡರ್ ಬಂದರೆ ಕಾಗದದ ರೀಮನ್ನು ಬಿಚ್ಚಿ ಮೂರು ನಾಲ್ಕು ದಿನ ಯಂತ್ರದ ಕೋಣೆಯಲ್ಲೇ ಇಡುತ್ತಿದ್ದೆವು. ಆ ಕೋಣೆಯ ಗಾಳಿಗೆ ಅದು ಒಗ್ಗಿಕೊಳ್ಳಬೇಕು. ಆಮೇಲೆ ಕೊನೆಯ ಬಣ್ಣ ಮುಗಿಯುವವರೆಗೂ ಕೋಣೆಯಿಂದ ಆಚೆ ಒಯ್ಯುತ್ತಿರಲಿಲ್ಲ. ಯಜಮಾನರು ಕಿಟಕಿ ತೆರೆದರೂ ಬೈಯುತ್ತಿದ್ದರು.

ಇದನ್ನು ಹೇಳುವಾಗ ಒಬ್ಬರ ಹೆಸರು ಹೇಳದೆ ಇರಲಾರೆ. ಇಷ್ಟು ಹೊತ್ತು ಪಿಕಾಸೊ, ಪಿಕಾಸೊ ಎನ್ನುತ್ತಿದ್ದೀರಿ. ಒತ್ತಿದವರು ಯಾರು? ಹಿಡಾಲ್ಗೊ ಅರ್ನೆರಾ ಅವರು. ದಕ್ಷಿಣ ಫ್ರಾನ್ಸಿನ ವಾಲೋರಿಸ್ ಎಂಬ ಕುಂಬಾರರ ಊರಿನಲ್ಲಿ ಪ್ರೆಸ್ಸು ನಡೆಸುತ್ತಿದ್ದವರು, 1922ರಲ್ಲಿ ಹುಟ್ಟಿದವರು. ಪಿಕಾಸೊ ಆ ಊರಿಗೆ ಮಡಕೆ ಮಾಡಲು ಬಂದವನು. ಊರಿನ ಪ್ರದರ್ಶನಕ್ಕೆ, ಗೂಳಿಕಾಳಗಕ್ಕೆ ಪೋಸ್ಟರ್ ಬೇಕಾಯಿತು. 1950ರ ದಶಕದ ಮೊದಲ ವರ್ಷಗಳಲ್ಲಿ ಅವನು ಲಿನೋ ಕೆತ್ತಿಕೊಟ್ಟ, ಅರ್ನೆರಾ ಅವರು ಒತ್ತಿಕೊಟ್ಟರು. ಅಲ್ಲಿಂದ ಶುರು. ಪೋಸ್ಟರ್ ಒತ್ತುತ್ತಿದ್ದ ಪ್ರೆಸ್ಸೇ ನೂರಕ್ಕೂ ಹೆಚ್ಚು ಲಿನೋ ಚಿತ್ರಗಳನ್ನು ಹೊರತಂದಿತು.

ಚೌಕಟ್ಟು ಬರೆದಿದ್ದಾರೆ:

ಪಿಕಾಸೊಗೆ ಏಕವಚನ, ಅರ್ನೆರಾ ಅವರಿಗೆ ಬಹುವಚನ. ಗಮನಿಸಿದೆ, ರಾಯರೇ!

ಹಳೆಮೊಳೆ ಬರೆದಿದ್ದಾರೆ:

ಬೇಕೆಂದೇ ಬರೆದೆ, ತಂಗಿ. ಶಾಯಿ ಮೆತ್ತಿದ ಕೈಗೆ ಬಹುವಚನ ಸಲ್ಲಲಿ.

ಕ್ರಾಯ್ಡನ್ ಕನ್ನಡತಿ ಬರೆದಿದ್ದಾರೆ:

ನೀವು ಹೇಳುವ ಆ ದೀಪದ ಚಿತ್ರವನ್ನು ನಾನು ಕಣ್ಣಾರೆ ನೋಡಿದ್ದೇನೆ. ಕೊನೆಯ ಪ್ರತಿಯಷ್ಟೇ ಅಲ್ಲ, ಅದಕ್ಕೂ ಮೊದಲಿನ ಹಂತ ಹಂತದ ಕರಡುಗಳನ್ನೂ. ಬ್ರಿಟಿಷ್ ಮ್ಯೂಸಿಯಂ ಇದರದೂ, ಅವನ ಹೆಂಡತಿ ಜ್ಯಾಕ್ಲಿನ್ ಓದುತ್ತಿರುವ ಚಿತ್ರದ್ದೂ ಕರಡುಗಳ ಪೂರ್ಣ ಸರಣಿಯನ್ನು ಕೊಂಡು 2014ರಲ್ಲಿ ಪ್ರದರ್ಶನಕ್ಕೆ ಇಟ್ಟಿತ್ತು. ಮಗಳನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಈಜಿಪ್ಟಿನ ಮಮ್ಮಿ ತೋರಿಸಲು ಹೋದವಳು, ಅವಳು ಅಲ್ಲೇ ನಿದ್ದೆ ಹೋಗಿದ್ದರಿಂದ ಮೇಲಿನ ಮಹಡಿಗೆ ಹೋದೆ.

ಅಲ್ಲಿ ಮಜಾ ಏನೆಂದರೆ, ಮೊದಲ ಹಾಳೆಗಳನ್ನು ನೋಡಿ ಕೊನೆಯದನ್ನು ಊಹಿಸಲು ಆಗುವುದಿಲ್ಲ. ನಾನು ಸಾಲಿನ ಕೊನೆಯಿಂದ ಹಿಂದಕ್ಕೆ ನಡೆದೆ. ಕಪ್ಪನ್ನು ಮನಸ್ಸಿನಲ್ಲೇ ಎತ್ತಿದೆ, ಹಸಿರನ್ನು ಎತ್ತಿದೆ. ಆಗ ಹೊಳೆಯಿತು: ದೀಪದ ಬೆಳಕನ್ನು ಅವನು ಬಳಿದೇ ಇಲ್ಲ. ಮೊದಲು ಎಲ್ಲೆಡೆ ಇದ್ದ ಹಳದಿಯನ್ನು ಕತ್ತಲೆ ಬಂದು ಸುತ್ತಲೂ ಮುಚ್ಚುತ್ತ ಹೋಗಿದೆ, ಮುಚ್ಚದೆ ಬಿಟ್ಟದ್ದೇ ಬೆಳಕು. ಸಂದೇಹಿಯವರೇ, ನಂದಲಾಲರ ಗಾಂಧಿಯ ಬಿಳಿ ಗೆರೆಯೂ ಹೀಗೆ ಬಿಟ್ಟದ್ದೇ ಅಲ್ಲವೇ? ಎರಡನ್ನೂ ತಕ್ಕಡಿಗೆ ಹಾಕುವುದು ಬೇಡ ಎನಿಸುತ್ತದೆ.

ಹಳೆಮೊಳೆ ಅವರು ಹೇಳಿದ್ದಕ್ಕೆ ಒಂದು ಸೇರಿಕೆ. ಪಿಕಾಸೊ ಅಷ್ಟರಲ್ಲಾಗಲೇ ಕಲ್ಲಚ್ಚು, ತಾಮ್ರದ ತಗಡಿನ ಕೆತ್ತನೆ ಎಲ್ಲದರಲ್ಲೂ ಪಳಗಿದ್ದ. ಆದರೆ ಅವನ್ನು ಒತ್ತುವ ನುರಿತ ಕಾರ್ಖಾನೆಗಳು ಪ್ಯಾರಿಸ್ಸಿನಲ್ಲಿದ್ದವು, ಅವನಿದ್ದದ್ದು ಸುಮಾರು 900 ಕಿಲೋಮೀಟರ್ ದೂರದ ಕಡಲತೀರದಲ್ಲಿ. ಕರಡು ಅಚ್ಚು ಹೋಗಿ ಬರಲು ದಿನಗಟ್ಟಲೆ ಕಾಯಬೇಕಿತ್ತು, ಕಾಯುವುದು ಅವನ ಜಾಯಮಾನವಲ್ಲ. ಅರ್ನೆರಾ ಪಕ್ಕದಲ್ಲೇ ಇದ್ದರು. ಇವನು ರಾತ್ರಿ ಕೆತ್ತುತ್ತಿದ್ದ. ಬೆಳಿಗ್ಗೆ ಕಾರಿನ ಚಾಲಕ ಹಲಗೆಯನ್ನು ಪ್ರೆಸ್ಸಿಗೆ ಮುಟ್ಟಿಸುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಅಚ್ಚಾದ ಹಾಳೆ ಅವನ ಮುಂದೆ ಇರುತ್ತಿತ್ತು. ಆಗಲೇ ಅವನಿಗೆ ಎಂಬತ್ತು.

ಸಂದೇಹಿ ಬರೆದಿದ್ದಾರೆ:

ತಕ್ಕಡಿ ಕೆಳಗಿಟ್ಟೆ. ಆದರೂ ಒಂದು ಮಾತು. ಈ ಮುದ್ರಣಗಳು ಸಾಮಾನ್ಯವಾಗಿ 50 ಪ್ರತಿಗಳಿಗೆ ನಿಂತವು, ಪ್ರತಿಯೊಂದಕ್ಕೂ ಸಹಿ, ಸಂಖ್ಯೆ. ಲಿನೋ ಎಂದರೆ ಬಡವರ ಮಾಧ್ಯಮ, ಸಾವಿರ ಒತ್ತಿ ಹಂಚಬಹುದು. ಅದನ್ನೇ ತೆಗೆದುಕೊಂಡು, ಹಲಗೆಯನ್ನು ತಿಂದುಹಾಕುವ ವಿಧಾನದಿಂದ ದುಬಾರಿ ಸರಕು ಮಾಡಿದರು. ಇದರಲ್ಲಿ ಕಲೆ ಎಷ್ಟು, ವ್ಯಾಪಾರ ಎಷ್ಟು?

ಹಳೆಮೊಳೆ ಬರೆದಿದ್ದಾರೆ:

ಸಂದೇಹ ನ್ಯಾಯವಾದದ್ದೇ. ನಮ್ಮಲ್ಲಿ ಲಗ್ನಪತ್ರಿಕೆಯ ಗಣಪತಿಯ ಬ್ಲಾಕ್ ಒಂದಿತ್ತು. ಎಷ್ಟು ಮದುವೆಗೆ ಒತ್ತಿದ್ದೇವೋ, ಸೊಂಡಿಲಿನ ತುದಿ ಸವೆದು ಕೊನೆಕೊನೆಗೆ ಗಣಪತಿ ಮೀಸೆ ಬಿಟ್ಟ ಹಾಗೆ ಕಾಣುತ್ತಿದ್ದ. ಯಜಮಾನರು ಅದನ್ನು ಎಸೆಯಲು ಬಿಡಲಿಲ್ಲ. ಬ್ಲಾಕ್ ಉಳಿಸುವುದೇ ಪ್ರೆಸ್ಸಿನ ಧರ್ಮ. ಹಾಗಾಗಿ ಅರ್ನೆರಾ ಅವರಿಗೆ ಕಣ್ಣೆದುರೇ ಬ್ಲಾಕ್ ಸಾಯುವುದನ್ನು ನೋಡಿ ಹೊಟ್ಟೆ ಉರಿದಿರಬೇಕು ಎಂದು ನನ್ನ ಊಹೆ. ನನಗಂತೂ ಉರಿಯುತ್ತಿತ್ತು.

ಆದರೆ ವ್ಯಾಪಾರ ಒಂದೇ ಆಗಿದ್ದರೆ ಐವತ್ತು ಒತ್ತಿ ಹಲಗೆ ಒಡೆದುಹಾಕಿದ್ದರೆ ಸಾಕಿತ್ತು. ಇಷ್ಟು ಸಂಕಟ ಬೇಕಿರಲಿಲ್ಲ.

ಅಗಸೆಹೂ ಬರೆದಿದ್ದಾರೆ:

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ವಿಜಯಪುರದವಳು, ರಸಾಯನಶಾಸ್ತ್ರ ಓದಿದವಳು. ಮೇಷ್ಟ್ರಿಗೆ ವಾರವಾದರೂ ಶಾಯಿ ಒಣಗಲಿಲ್ಲ ಎಂದರಲ್ಲ, ಅದಕ್ಕೆ ಕಾರಣ ಅಗಸೆ.

ಲಿನೋಲಿಯಂ ಎಂಬ ಹೆಸರೇ ಲ್ಯಾಟಿನ್ನಿನ ಅಗಸೆ ಮತ್ತು ಎಣ್ಣೆ ಎಂಬ ಎರಡು ಪದ ಸೇರಿ ಆದದ್ದು. ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ ಬಣ್ಣದ ಡಬ್ಬಿಯಲ್ಲಿ ಅಗಸೆ ಎಣ್ಣೆ ಕೆನೆಗಟ್ಟಿದ್ದನ್ನು ನೋಡಿ, ಅದನ್ನೇ ಗಟ್ಟಿ ಮಾಡಿ, ಕಾರ್ಕ್ ಪುಡಿ ಮತ್ತು ರಾಳ ಬೆರೆಸಿ, ಬಟ್ಟೆಯ ಮೇಲೆ ಹಾಸಿ 1863ರಲ್ಲಿ ಪೇಟೆಂಟ್ ಪಡೆದ. ಮಾಡಿದ್ದು ನೆಲಹಾಸಿಗೆ. ಬೆನ್ನಿಗೆ ಸೆಣಬಿನ ಬಟ್ಟೆ ಬಂತು. ಎಣ್ಣೆ ಶಾಯಿಯಲ್ಲೂ ಸಾಮಾನ್ಯವಾಗಿ ಇರುವುದು ಇದೇ ಅಗಸೆ ಎಣ್ಣೆ. ಅದು ನೀರಿನಂತೆ ಆವಿಯಾಗಿ ಒಣಗುವುದಿಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಥಂಡಿ ಹವೆಯಲ್ಲಿ ಆ ಕೆಲಸ ನಿಧಾನ. ಶಾಯಿಯನ್ನು ತೆಳ್ಳಗೆ ಬಳಿಯಿರಿ, ಗಾಳಿ ಆಡಲು ಬಿಡಿ, ಒಲೆ ಬೇಡ.

ಇನ್ನೊಂದು. ಅಂಗಡಿಯಲ್ಲಿ ಲಿನೋ ಎಂದು ಕೇಳಿದರೆ ಎಷ್ಟೋ ಸಲ ಪ್ಲಾಸ್ಟಿಕ್ಕಿನ ನೆಲಹಾಸು ಕೊಡುತ್ತಾರೆ. ಮೂಸಿ ನೋಡಿ. ನಿಜವಾದ ಲಿನೋಗೆ ಹಳೆಯ ಅಗಸೆ ಎಣ್ಣೆಯ ವಾಸನೆ ಇರುತ್ತದೆ. ಅಗಸೆ ಹಿಂಡಿ ಇಲ್ಲದೆ ನಮ್ಮ ಕಡೆ ರೊಟ್ಟಿ ಇಳಿಯುವುದಿಲ್ಲ, ಆ ವಾಸನೆ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅಘನಾಶಿನಿ ಬರೆದಿದ್ದಾರೆ:

ಮೂಸಿದೆ! ನನ್ನದು ಅಸಲಿಯೇ. ಮನೆಯವಳು ನೋಡಿ, ‘ಈಗ ಇದನ್ನು ಮೂಸುವುದೊಂದು ಬಾಕಿ ಇತ್ತು’ ಎಂದಳು. ಬಿಸಿಲು ಬಂದ ಒಂದು ಗಳಿಗೆ ಹಲಗೆಯನ್ನು ಅಂಗಳದಲ್ಲಿಟ್ಟೆ, ಮೆತ್ತಗಾಗಿ ಉಳಿ ಬೆಣ್ಣೆಯಲ್ಲಿ ಹೋದಂತೆ ಹೋಗುತ್ತದೆ. ಹೊಸ ಹಲಗೆ, ಹದಿನಾರು ಹಾಳೆ, ಎಲ್ಲವೂ ಒಂದೇ ಕೋಣೆಯಲ್ಲಿ. ಬಾಗಿಲಿಗೆ ಚಿಲಕ.

ಅಂದ ಹಾಗೆ, ಪಿಕಾಸೊ ಲಿನೋವನ್ನು ಸ್ನಾನದ ಮನೆಯಲ್ಲಿ ತೊಳೆಯುತ್ತಿದ್ದ ಎಂದು ಎಲ್ಲೋ ಓದಿದ ನೆನಪು. ಅದೇನು ಕಥೆ?

ಕ್ರಾಯ್ಡನ್ ಕನ್ನಡತಿ ಬರೆದಿದ್ದಾರೆ:

ತೊಳೆದದ್ದು ಲಿನೋವನ್ನಲ್ಲ, ಅಚ್ಚಾದ ಹಾಳೆಯನ್ನು. ಅದು 1963-64ರ ಪ್ರಯೋಗ. ಅರ್ನೆರಾ ಬಿಳಿ ಕಾಗದದ ಮೇಲೆ ಬಿಳಿಗೆ ಹತ್ತಿರದ ಕೆನೆಬಣ್ಣದ ಎಣ್ಣೆ ಶಾಯಿಯಲ್ಲಿ ಒತ್ತಿಕೊಡುತ್ತಿದ್ದರು. ನೋಡಿದರೆ ಏನೂ ಕಾಣದ ಹಾಳೆ. ಪಿಕಾಸೊ ಅದರ ಮೇಲೆ ಇಡಿಯಾಗಿ ಕಪ್ಪು ಇಂಡಿಯನ್ ಇಂಕ್ ಬಳಿದು ನೀರಿನಡಿ ಹಿಡಿಯುತ್ತಿದ್ದ. ಎಣ್ಣೆ ಇದ್ದ ಕಡೆ ಕಪ್ಪು ನಿಲ್ಲುವುದಿಲ್ಲ, ಕೆಸುವಿನ ಎಲೆಯ ಮೇಲಿನ ನೀರಿನ ಹಾಗೆ ಜಾರುತ್ತದೆ. ಕಾಗದ ಬತ್ತಲೆಯಾಗಿದ್ದ ಕಡೆ ಮಾತ್ರ ಹೀರಿಕೊಳ್ಳುತ್ತದೆ. ಅಲ್ಲಲ್ಲಿ ಬೂದು ಛಾಯೆ, ನೀರು ಹರಿದ ಗುರುತು ಹಾಗೇ ಉಳಿಯುತ್ತವೆ, ಹಾಗಾಗಿ ಎರಡು ಪ್ರತಿ ಒಂದೇ ತರಹ ಇರುವುದಿಲ್ಲ. ಇಪ್ಪತ್ತು ಪ್ರತಿಯ ಮುದ್ರಣವನ್ನು ಇಪ್ಪತ್ತು ಬೇರೆ ಬೇರೆ ಚಿತ್ರ ಮಾಡುವ ಉಪಾಯ, ಸಂದೇಹಿಯವರು ಇದಕ್ಕೂ ಏನಾದರೂ ಹೇಳುತ್ತಾರೆ.

ಅಷ್ಟರಲ್ಲಿ ಪ್ಯಾರಿಸ್ಸಿನಲ್ಲಿ ಮುದ್ರಕರಾಗಿದ್ದ ಕ್ರೋಮೆಲಿಂಕ್ ಸಹೋದರರು ಅವನ ಹೊಸ ಮನೆಯಿದ್ದ ಮೂಜಾನ್‌ನಲ್ಲೇ ತಾಮ್ರದ ತಗಡಿನ ಮುದ್ರಣಾಲಯ ತೆರೆದರು. ಪ್ಯಾರಿಸ್ಸು ಮನೆ ಬಾಗಿಲಿಗೇ ಬಂದ ಹಾಗಾಯಿತು. ಅವನು ಮತ್ತೆ ತಗಡಿನ ಕಡೆ ತಿರುಗಿದ, ಲಿನೋ ಅಪರೂಪವಾಯಿತು.

ಸಂದೇಹಿ ಬರೆದಿದ್ದಾರೆ:

ಹೇಳುವುದಿಲ್ಲ. ಇದು ಚೆನ್ನಾಗಿದೆ.

ಅಘನಾಶಿನಿ ಬರೆದಿದ್ದಾರೆ:

ಹನ್ನೆರಡು ದಿನ ಬಿಟ್ಟು ಬರೆಯುತ್ತಿದ್ದೇನೆ.

ಮೊದಲು ಸ್ನಾನದ ಮನೆಯ ವರದಿ. ಹಾಳಾದ ಹಲಗೆಯನ್ನೇ ಬಳಸಿ ಕೆನೆಬಣ್ಣದಲ್ಲಿ ನಾಲ್ಕು ಹಾಳೆ ಒತ್ತಿದೆ. ಮೊದಲನೆಯದಕ್ಕೆ ಇಂಕ್ ಬಳಿದು ಪೂರ್ತಿ ಒಣಗಲು ಬಿಟ್ಟೆ, ತೊಳೆದರೆ ಜಪ್ಪಯ್ಯ ಎನ್ನಲಿಲ್ಲ. ಎರಡನೆಯದನ್ನು ಹಸಿಯಿದ್ದಾಗಲೇ ತೊಳೆದೆ, ಎಲ್ಲವೂ ಹರಿದು ಹೋಯಿತು. ಮೂರನೆಯದನ್ನು ಹೊಳಪು ಆರಿದ ಕ್ಷಣಕ್ಕೆ ನೀರಿಗೆ ಹಿಡಿದೆ. ಲಾಟೀನಿನ ಗಾಜು ಕತ್ತಲೆಯೊಳಗಿಂದ ಎದ್ದು ಬಂತು, ಮಾವಿನಹಣ್ಣಿನ ಕೆಳಗೆ ಇಬ್ಬನಿ ಕಟ್ಟಿದ ಹಾಗೆ ಬೂದು. ನಾಲ್ಕನೆಯದು ಇದರಷ್ಟು ಚೆನ್ನಾಗಿ ಬರಲಿಲ್ಲ. ಬಚ್ಚಲ ಕಲ್ಲು ಇನ್ನೂ ಕಪ್ಪಗಿದೆ, ಅದರ ಬಗ್ಗೆ ಮನೆಯಲ್ಲಿ ನಡೆದ ಚರ್ಚೆಯನ್ನು ಇಲ್ಲಿ ಹಾಕುವಂತಿಲ್ಲ.

ಇನ್ನು ನಾಲ್ಕು ಬಣ್ಣದ್ದು. ಹದಿನಾರರಲ್ಲಿ ಮೂರು ಹಾಳೆ ನನ್ನ ಹೆಬ್ಬೆರಳಿನ ಗುರುತಿಗೆ ಬಲಿಯಾದವು. ನಾಲ್ಕಕ್ಕೆ ಕಪ್ಪು ಮೆತ್ತಿಕೊಂಡಿತು. ಒಂಬತ್ತು ನಿಂತಿವೆ. ಹಲಗೆಯಲ್ಲಿ ಈಗ ಉಳಿದಿರುವುದು ಲಾಟೀನಿನ ಹಿಡಿ, ಬತ್ತಿಯ ಚಕ್ರ, ಎರಡು ಹಣ್ಣುಗಳ ಅಂಚಿನ ಗೆರೆ ಮತ್ತು ಸುತ್ತಲಿನ ಕತ್ತಲೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಅದನ್ನು ಕೈಯಲ್ಲಿ ಹಿಡಿದು ‘ಸರ್, ಹಣ್ಣು ಎಲ್ಲಿ ಹೋಯಿತು?’ ಎಂದಳು. ಕಾಗದ ತೋರಿಸಿದೆ. ಫೋಟೊಗಳನ್ನು ಹಾಕಿದ್ದೇನೆ.

ಚೌಕಟ್ಟು ಬರೆದಿದ್ದಾರೆ:

ಮೂರನೆಯ ತೊಳೆದ ಹಾಳೆ ನನಗೆ ಬೇಕು ಸರ್, ಮುಂಗಡವಾಗಿ ಹೇಳಿಟ್ಟಿದ್ದೇನೆ.

ಹಳೆಮೊಳೆ ಬರೆದಿದ್ದಾರೆ:

ನಾಲ್ಕು ಬಣ್ಣದ್ದರ ಬಲ ಅಂಚನ್ನು ಹತ್ತಿರದಿಂದ ತೆಗೆದು ಹಾಕಿ, ಮೇಷ್ಟ್ರೇ. ದೂರದ ಫೋಟೊದಲ್ಲಿ ಎಲ್ಲರೂ ಚೆಂದವೇ.

ಅಘನಾಶಿನಿ ಬರೆದಿದ್ದಾರೆ:

ಹಾಕಿದ್ದೇನೆ. ಎಂಟನೆಯ ಪ್ರತಿ, ಬಲಗಡೆಯ ಹಣ್ಣು.

ಹಳೆಮೊಳೆ ಬರೆದಿದ್ದಾರೆ:

ಕನ್ನಡಕ ಹಾಕಿ ನೋಡಿದೆ. ಅರ್ಧ ಅಕ್ಕಿಕಾಳು ಇನ್ನೂ ಇದೆ. ರಾತ್ರಿ ಕಿಟಕಿ ತೆರೆದಿದ್ದಿರಿ, ಅಲ್ಲವೇ?

ಅಘನಾಶಿನಿ ಬರೆದಿದ್ದಾರೆ:

ಹಸಿರು ಒತ್ತುವ ಹಿಂದಿನ ರಾತ್ರಿ. ಸೆಖೆ ಇತ್ತು.

ಹಳೆಮೊಳೆ ಬರೆದಿದ್ದಾರೆ:

ಅದೇ ಪ್ರತಿ ನನಗೆ ಕಳಿಸಿ. ಸುರುಳಿ ಸುತ್ತಬೇಡಿ, ಎರಡು ರಟ್ಟಿನ ನಡುವೆ ಇಟ್ಟು ಕಳಿಸಿ.